ಬಾವಲಿಯಿಂದ ಮನುಷ್ಯನವರೆಗಿನ ದಾರಿ

ಸಸ್ತನಿಗಳಲ್ಲಿ ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲ ಪ್ರಾಣಿ ಬಾವಲಿಯೊಂದೇ. ಜಗತ್ತಿನಲ್ಲಿ ಈವರೆಗೆ ಗುರುತಿಸಲಾಗಿರುವ ಬಾವಲಿ ಪ್ರಭೇದಗಳ ಸಂಖ್ಯೆ 1,400ನ್ನು ಮೀರಿದ್ದು, ಸಸ್ತನಿ ಪ್ರಭೇದಗಳನ್ನೆಲ್ಲ ಒಟ್ಟಿಗೆ ಎಣಿಸಿದರೆ ಸರಿಸುಮಾರು ಐದರಲ್ಲಿ ಒಂದು ಬಾವಲಿಯೇ ಆಗಿರುತ್ತದೆ. ಆಫ್ರಿಕದ ಮಾರ್ಬರ್ಗ್, ಆಸ್ಟ್ರೇಲಿಯದ ಹೆಂಡ್ರಾ, ಮಲೇಷ್ಯದಲ್ಲಿ ಮೊದಲು ಕಾಣಿಸಿಕೊಂಡ ನಿಪಾ, ಚೀನದಿಂದ ಹೊರಟ ಸಾರ್ಸ್ ಮುಂತಾದ ರೋಗಗಳ ವೈರಾಣುಗಳ ಬೇರನ್ನು ಹುಡುಕುತ್ತ ಹೋದ ವಿಜ್ಞಾನಿಗಳು ಒಂದಲ್ಲ ಒಂದು ಜಾತಿಯ ಬಾವಲಿಯ ಬಳಿಗೆ ಬಂದು ನಿಂತಿರುವುದರಿಂದ, ಕಳೆದ ಮೂರು ದಶಕಗಳಲ್ಲಿ ಈ ಪ್ರಾಣಿಗೆ ದೊಡ್ಡ ಅಪಖ್ಯಾತಿ ಅಂಟಿಕೊಂಡಿದೆ. ಆದರೆ ಬಾವಲಿಯ ಮೈಯಲ್ಲಿ ವೈರಾಣು ಇರುವುದು ಒಂದು ಸಂಗತಿ, ಅದು ಮನುಷ್ಯನ ಮೈಯನ್ನು ತಲಪುವುದು ಬೇರೆಯೇ ಸಂಗತಿ. ಈ ಎರಡರ ನಡುವೆ ಒಂದು ದಾರಿ ಇರಲೇಬೇಕು. ಆ ದಾರಿಯನ್ನು ಬಹುಮಟ್ಟಿಗೆ ಕಡಿದು ಮಾಡಿದವನು ಮನುಷ್ಯನೇ ಎಂಬುದನ್ನು ನಿಪಾ ವೈರಾಣುವಿನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ಒಂದು ವೈರಾಣು ತನಗೆ ಹೆಚ್ಚಿನ ತೊಂದರೆಯಾಗದಂತೆ, ತಾನೂ ತೊಂದರೆ ಕೊಡದಂತೆ ತಲೆತಲಾಂತರಗಳಿಂದ ನೆಲೆಸಿರುವ ಪ್ರಾಣಿಯನ್ನು ಆ ವೈರಾಣುವಿನ ಸಹಜ ಆಶ್ರಯಜೀವಿ ಎನ್ನುತ್ತಾರೆ. ಬಾವಲಿ ಇಂಥ ಆಶ್ರಯಜೀವಿಯಾಗಿ ಒದಗಿರುವುದಕ್ಕೆ ಅದರ ಹಾರಾಟವೇ ಒಂದು ಕಾರಣವಾಗಿರಬೇಕೆಂಬುದು ಹಲವು ಜೀವವಿಜ್ಞಾನಿಗಳ ಅಭಿಪ್ರಾಯ. ಹಾರುವಾಗ ಅದರ ದೇಹದ ಶಕ್ತಿಬಳಕೆ ಹಲವು ಪಟ್ಟು ಏರಿ, ಮೈಯ ಶಾಖ ಜ್ವರ ಬಂದವರ ಮೈಶಾಖದ ಮಟ್ಟವನ್ನು ಮುಟ್ಟುತ್ತದೆ; ಆ ಭರದಲ್ಲಿ ಜೀವಕೋಶಗಳೊಳಗೆ ಒಡೆದು ಚೆಲ್ಲುವ ಡಿಎನ್‌ಎ ಚೂರುಗಳನ್ನು ಶತ್ರುವೆಂದು ತಪ್ಪು ತಿಳಿದು ದೇಹದ ರೋಗನಿರೋಧಕ ವ್ಯವಸ್ಥೆ ದಿನವೂ ರಂಪ ಎಬ್ಬಿಸಿದರೆ ಪ್ರಾಣಿ ಬದುಕುವಂತಿಲ್ಲವಾದ್ದರಿಂದ, ವಿಕಾಸದ ಹಾದಿಯಲ್ಲಿ ಬಾವಲಿಯ ಉರಿಯೂತದ ಪ್ರತಿಕ್ರಿಯೆ ತಗ್ಗಿದೆ. ಉರಿಯೂತವೆಂದರೆ ಸೋಂಕಿಗೆ ಉತ್ತರವಾಗಿ ಅಂಗಾಂಶಗಳು ಕೆಂಪಾಗಿ ಬಿಸಿಯೇರಿ ಊದಿಕೊಳ್ಳುವ ಕ್ರಿಯೆ. ಮನುಷ್ಯರಲ್ಲಿ ಎಷ್ಟೋ ಸಲ ವೈರಾಣುವಿಗಿಂತ ಇದರ ಅತಿರೇಕವೇ ಪ್ರಾಣಕ್ಕೆ ಎರವಾಗುತ್ತದೆ. ಇದರ ಜತೆಗೆ ವೈರಾಣುಗಳ ವಿರುದ್ಧ ಮೊದಲ ಕಾವಲಾಗಿ ನಿಲ್ಲುವ ಇಂಟರ್‌ಫೆರಾನ್ ಎಂಬ ಪ್ರೋಟೀನು, ಸೋಂಕು ಬರುವ ಮುನ್ನವೇ ಕೆಲವು ಬಾವಲಿಗಳ ಮೈಯಲ್ಲಿ ಸಿದ್ಧವಾಗಿರುತ್ತದೆ. ಹೀಗಾಗಿ ವೈರಾಣು ಅಲ್ಲಿ ಪೂರ್ತಿ ಗೆಲ್ಲುವುದೂ ಇಲ್ಲ, ಪೂರ್ತಿ ಸೋಲುವುದೂ ಇಲ್ಲ.

ಇಷ್ಟಾಗಿಯೂ ಬಾವಲಿಯನ್ನು ವೈರಾಣುಗಳ ಕಣಜವೆಂದು ಬಣ್ಣಿಸುವುದರಲ್ಲಿ ಅರ್ಧ ಸತ್ಯ ಮಾತ್ರ ಇದೆ. 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಸಸ್ತನಿ ಮತ್ತು ಹಕ್ಕಿಗಳ ಬೇರೆ ಬೇರೆ ಗಣಗಳನ್ನು ಹೋಲಿಸಿ ನೋಡಿ, ಯಾವ ಗಣದಲ್ಲಿ ಪ್ರಭೇದಗಳು ಹೆಚ್ಚೋ ಆ ಗಣದಿಂದ ಮನುಷ್ಯನಿಗೆ ಬರುವ ವೈರಾಣುಗಳೂ ಹೆಚ್ಚು ಎಂಬ ಸರಳ ಲೆಕ್ಕವನ್ನು ತೋರಿಸಿಕೊಟ್ಟಿತು. ಆ ಲೆಕ್ಕದಲ್ಲಿ ಬಾವಲಿಗೆ ವಿಶೇಷ ಸ್ಥಾನವೇನೂ ಸಿಗಲಿಲ್ಲ. ಎಣಿಕೆಯಲ್ಲಿ ಅಲ್ಲದಿದ್ದರೂ ಕಡುಪಿನಲ್ಲಿ ಮಾತ್ರ ವ್ಯತ್ಯಾಸವಿದೆ: ಬಾವಲಿಯ ಸಹನಶೀಲ ದೇಹದಲ್ಲಿ ಪಳಗಿದ ವೈರಾಣು, ಅಂಥ ಸಹನೆಯಿಲ್ಲದ ಮನುಷ್ಯನ ದೇಹವನ್ನು ಹೊಕ್ಕಾಗ ಮಾಡುವ ಹಾನಿ ಬಹಳ ದೊಡ್ಡದು. ನಿಪಾ ತಗಲಿದವರಲ್ಲಿ ಸಾಯುವವರ ಪ್ರಮಾಣ ಶೇ 40ರಿಂದ 75ರಷ್ಟೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನಿಪಾ ಎಂಬ ಹೆಸರು ಬಂದದ್ದು ಮಲೇಷ್ಯದ ನೆಗೆರಿ ಸೆಂಬಿಲಾನ್ ರಾಜ್ಯದ ಸುಂಗೈ ನಿಪಾ ಎಂಬ ಹಳ್ಳಿಯಿಂದ. ಆದರೆ ರೋಗ ಹುಟ್ಟಿದ್ದು ಅಲ್ಲಲ್ಲ. ಅದಕ್ಕೂ ಉತ್ತರದಲ್ಲಿರುವ ಪೆರಾಕ್ ರಾಜ್ಯದ ಇಪೋ ನಗರದ ಸುತ್ತಣ ಹಂದಿ ಸಾಕಣೆಯ ಊರುಗಳಲ್ಲಿ, 1998ರ ಸೆಪ್ಟೆಂಬರ್ ಹೊತ್ತಿಗೆ ಜ್ವರ ಮತ್ತು ಮಿದುಳಿನ ಉರಿಯೂತದಿಂದ ಜನ ಸಾಯತೊಡಗಿದ್ದರು. ಸೊಳ್ಳೆಗಳಿಂದ ಹರಡುವ ಜಪಾನೀ ಮಿದುಳುಜ್ವರಕ್ಕೂ ಹಂದಿಗೂ ನಂಟಿರುವುದರಿಂದ ಆರೋಗ್ಯಾಧಿಕಾರಿಗಳು ಇದೂ ಅದೇ ಎಂದು ತೀರ್ಮಾನಿಸಿ, ಲಸಿಕೆ ಹಾಕಿಸಿ, ಹೊಗೆ ಹೊಡೆಸಿ ತಿಂಗಳುಗಟ್ಟಲೆ ಸೊಳ್ಳೆಯ ಬೆನ್ನು ಹತ್ತಿದರು. ಸಾಯುತ್ತಿದ್ದವರು ಮಕ್ಕಳಲ್ಲ, ಹಂದಿದೊಡ್ಡಿಗಳಲ್ಲಿ ದುಡಿಯುವ ವಯಸ್ಕ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಕಾಯಿಲೆ ಬೀಳುತ್ತಿದ್ದರು. ಅದೇ ಸೊಳ್ಳೆಗಳ ನಡುವೆ ಬದುಕಿದ್ದರೂ ಹಂದಿ ಮುಟ್ಟದ ನೆರೆಹೊರೆಯ ಮುಸ್ಲಿಮರಿಗೆ ರೋಗ ತಗಲಿದ್ದು ತೀರ ಕಡಿಮೆ. ಮೇಲಾಗಿ ಹಂದಿಗಳೂ ಒಂದು ಮೈಲಿ ದೂರಕ್ಕೆ ಕೇಳುವಷ್ಟು ಜೋರಾಗಿ ಕೆಮ್ಮುತ್ತಿದ್ದವು. ಸೊಳ್ಳೆಯ ಸಿದ್ಧಾಂತಕ್ಕೆ ಹೊಂದದ ಈ ಕುರುಹುಗಳನ್ನು ಯಾರೂ ಕಾಣಲಿಲ್ಲವೆಂದಲ್ಲ, ಕಂಡವರ ಮಾತು ನಡೆಯಲು ಕಾಲ ಹಿಡಿಯಿತು. 1999ರ ಮಾರ್ಚ್ ತಿಂಗಳಲ್ಲಿ ಮಲಯ ವಿಶ್ವವಿದ್ಯಾಲಯದ ವೈರಾಣುತಜ್ಞ ಚುವಾ ಕಾವ್ ಬಿಂಗ್ ಅವರು ರೋಗಿಯ ಮಾದರಿಯಿಂದ ಬೇರ್ಪಡಿಸಿದ ವೈರಾಣುವನ್ನು ಅಮೆರಿಕದ ಪ್ರಯೋಗಾಲಯಕ್ಕೆ ಒಯ್ದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದು ದಡಾರ ಮತ್ತು ಮಂಗಬಾವುಗಳ ವೈರಾಣುಗಳು ಸೇರುವ ಕುಟುಂಬದ ಹೊಸ ಸದಸ್ಯನೆಂದು ಖಚಿತವಾಯಿತು. ಅಷ್ಟರಲ್ಲಿ ರೋಗಪೀಡಿತ ಹಂದಿಗಳನ್ನು ತರಾತುರಿಯಲ್ಲಿ ಮಾರಿದ್ದರಿಂದ ಸೋಂಕು ದಕ್ಷಿಣಕ್ಕೆ ಇಳಿದು, ಸಿಂಗಪುರದ ಕಸಾಯಿಖಾನೆಯ ಕೆಲಸಗಾರರನ್ನೂ ತಲಪಿತ್ತು. ಮಲೇಷ್ಯದಲ್ಲಿ 265 ಮಂದಿ ಕಾಯಿಲೆ ಬಿದ್ದು 105 ಮಂದಿ ಸತ್ತರು. ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದು ಹೂಳಿದ ಮೇಲೆ ರೋಗ ನಿಂತಿತು.

ಹಂದಿಗೆ ಅದು ಬಂದದ್ದು ಎಲ್ಲಿಂದ? ಹಣ್ಣು ತಿಂದು ಬದುಕುವ ದೊಡ್ಡ ಬಾವಲಿಗಳ ಮೇಲೆ ಸಂಶಯ ಬಿದ್ದದ್ದರಿಂದ ಚುವಾ ಅವರ ತಂಡ ಟಿಯೋಮನ್ ದ್ವೀಪದಲ್ಲಿ ಬಾವಲಿಗಳು ಜೋತುಬೀಳುವ ಮರಗಳ ಕೆಳಗೆ ಪ್ಲಾಸ್ಟಿಕ್ ಹಾಳೆಗಳನ್ನು ಹಾಸಿ ಉದುರಿದ ಮೂತ್ರವನ್ನೂ, ಕಚ್ಚಿ ಬಿಸಾಡಿದ ಹಣ್ಣುಗಳನ್ನೂ ಸಂಗ್ರಹಿಸಿ, ಎರಡರಲ್ಲೂ ವೈರಾಣುವನ್ನು ಪತ್ತೆಹಚ್ಚಿತು. ರೋಗ ಮೊದಲು ಕಾಣಿಸಿದ ದೊಡ್ಡಿಯಲ್ಲಿ ಸುಮಾರು 30,000 ಹಂದಿಗಳಿದ್ದು, ಹೆಚ್ಚುವರಿ ಆದಾಯಕ್ಕೆಂದು ದೊಡ್ಡಿಯ ಮಗ್ಗುಲಲ್ಲೇ ಮಾವಿನ ಮರಗಳನ್ನು ಬೆಳೆಸಲಾಗಿತ್ತು. ಮರಕ್ಕೆ ಬಂದ ಬಾವಲಿ ಅರ್ಧ ತಿಂದು ಬೀಳಿಸಿದ ಹಣ್ಣನ್ನು ಕೆಳಗಿನ ಹಂದಿ ತಿಂದಿತು. ಸಣ್ಣ ದೊಡ್ಡಿಯಾಗಿದ್ದರೆ ಹಂದಿಗಳೆಲ್ಲ ಒಂದು ಸುತ್ತು ಕಾಯಿಲೆ ಬಿದ್ದು ಗುಣವಾಗುವುದರೊಳಗೆ ವೈರಾಣು ತಾನಾಗಿ ಆರಿಹೋಗುತ್ತಿತ್ತು. ದಿನವೂ ಹೊಸ ಮರಿಗಳು ಹುಟ್ಟುವ ಅಷ್ಟು ದೊಡ್ಡ ದೊಡ್ಡಿಯಲ್ಲಿ ಅದಕ್ಕೆ ಉರಿಯಲು ಸೌದೆ ತೀರಲೇ ಇಲ್ಲ. ಮಾವು, ಹಂದಿ, ಬಾವಲಿ ಈ ಮೂರೂ ಆ ನಾಡಿಗೆ ಹೊಸವಲ್ಲ, ಹೊಸದಾಗಿದ್ದದ್ದು ಅವುಗಳನ್ನು ಜೋಡಿಸಿದ ಲಾಭದ ಯೋಜನೆ.

ಎರಡನೆಯ ದಾರಿ ಬಂಗಾಳದ್ದು, ಮತ್ತು ಅಲ್ಲಿ ಹಂದಿಯ ಪಾತ್ರವೇ ಇಲ್ಲ. ಕರ್ನಾಟಕದ ಬಯಲುಸೀಮೆಯವರು ಹೆಂಡಕ್ಕಾಗಿ ಬಲ್ಲ ಈಚಲು ಮರವೇ ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಚಳಿಗಾಲದ ಸಿಹಿರಸಕ್ಕೆ ಹೆಸರಾಗಿದೆ. ಸಂಜೆ ಮರದ ತಲೆಯ ಹತ್ತಿರ ತೊಗಟೆ ಸವರಿ ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕಿ ಬೆಳಗಿನ ಹೊತ್ತಿಗೆ ತುಂಬುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡುವುದೂ ಉಂಟು, ಬಿಸಿಲೇರುವ ಮುನ್ನ ತಣ್ಣಗೆ ಹಸಿಯಾಗಿಯೇ ಕುಡಿಯುವುದೂ ಉಂಟು. ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರದ ತಂಡದವರು ಮರಗಳಿಗೆ ಕತ್ತಲಲ್ಲೂ ಕಾಣಬಲ್ಲ ಕ್ಯಾಮೆರಾಗಳನ್ನು ಕಟ್ಟಿ ನೋಡಿದಾಗ, ಬಾವಲಿಗಳು ಬಂದು ಸವರಿದ ಜಾಗವನ್ನು ನೆಕ್ಕುವುದೂ ಕೆಲವೊಮ್ಮೆ ಅಲ್ಲಿಯೇ ಮೂತ್ರ ಮಾಡುವುದೂ ಸೆರೆಯಾಯಿತು. 2001ರಿಂದ ಬಾಂಗ್ಲಾದೇಶದಲ್ಲಿ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲೂ ನಿಪಾ ಮರಳುತ್ತಿರುವುದಕ್ಕೆ ಈ ಮಡಕೆಯೇ ಮುಖ್ಯ ಕಾರಣ. ಪರಿಹಾರವೂ ಅಷ್ಟೇ ಸರಳವಾದದ್ದು: ಸವರಿದ ಜಾಗಕ್ಕೂ ಮಡಕೆಯ ಬಾಯಿಗೂ ಬಿದಿರಿನ ಸೀಳುಗಳಿಂದ ಹೆಣೆದ ತಟ್ಟಿಯನ್ನು ಕಟ್ಟಿದರೆ ಬಾವಲಿಗೆ ರಸ ಸಿಗುವುದಿಲ್ಲ, ರಸವನ್ನು ಕುದಿಸಿದರೆ ವೈರಾಣು ಉಳಿಯುವುದಿಲ್ಲ. ಆದರೆ ತಟ್ಟಿ ಹೆಣೆಯುವುದಕ್ಕೆ ಹೊತ್ತು ಬೇಕು, ಬಿದಿರಿಗೆ ದುಡ್ಡು ಬೇಕು. ಮುಂಜಾವಿನ ಹಸಿ ರಸದ ರುಚಿ ಕುದಿಸಿದ್ದಕ್ಕೆ ಬರುವುದೂ ಇಲ್ಲ. ಸಾರ್ವಜನಿಕ ಆರೋಗ್ಯದ ಎಷ್ಟೋ ಒಳ್ಳೆಯ ಉಪಾಯಗಳು ಸೋಲುವುದು ಇಂಥ ಸಣ್ಣ ಕಡೆಗಳಲ್ಲಿಯೇ.

ಬಂಗಾಳದ ರೋಗ ಮಲೇಷ್ಯದ ರೋಗಕ್ಕಿಂತ ಇನ್ನೊಂದು ವಿಷಯದಲ್ಲೂ ಬೇರೆ. ಮಲೇಷ್ಯದಲ್ಲಿ ಮನುಷ್ಯನಿಂದ ಮನುಷ್ಯನಿಗೆ ಸೋಂಕು ಹರಡಿದ್ದು ಕಂಡುಬರಲಿಲ್ಲವೆನ್ನಬಹುದು. ಇಲ್ಲಿ ರೋಗಿಯ ಕೆಮ್ಮು ಮತ್ತು ಎಂಜಲುಗಳ ಮೂಲಕ ಶುಶ್ರೂಷೆ ಮಾಡುವವರಿಗೆ ಅದು ತಗಲುತ್ತದೆ. 2001ರ ಆರಂಭದಲ್ಲಿ ಸಿಲಿಗುರಿಯಲ್ಲಿ 66 ಮಂದಿಗೆ ತಗಲಿ 45 ಮಂದಿಯನ್ನು ಬಲಿ ತೆಗೆದುಕೊಂಡ ರೋಗ ನಿಪಾ ಎಂದು ತಿಳಿದದ್ದು ಹಲವು ವರ್ಷಗಳ ನಂತರ, ಕಾಪಿಟ್ಟಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ. ಆ ರೋಗಿಗಳಲ್ಲಿ ಬಹುಪಾಲು ಜನರಿಗೆ ಸೋಂಕು ಆಸ್ಪತ್ರೆಯ ಒಳಗೇ ಅಂಟಿತ್ತು.

ಆಸ್ಪತ್ರೆಯೇ ದಾರಿಯಾದ ಮೂರನೆಯ ಪ್ರಕರಣ ಕರ್ನಾಟಕದ ನೆರೆಯದು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡು ಜಿಲ್ಲೆಯ ಪೇರಾಂಬ್ರದ ಬಳಿಯ ಒಂದೇ ಕುಟುಂಬದವರು ಒಬ್ಬರ ಹಿಂದೊಬ್ಬರು ಒಂದೇ ಬಗೆಯ ಲಕ್ಷಣಗಳಿಂದ ಬಳಲಿದಾಗ, ಅಲ್ಲಿನ ವೈದ್ಯರು ಸಂಶಯಪಟ್ಟು ಮಾದರಿಗಳನ್ನು ಕಳಿಸಿದ್ದು ಉಡುಪಿ ಜಿಲ್ಲೆಯ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದಲ್ಲಿದ್ದ ಆ ಕೇಂದ್ರ ನಿಪಾ ಎಂದು ಗುರುತಿಸಿ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸುವುದಕ್ಕೆ ಹಿಡಿದದ್ದು ಕೆಲವೇ ದಿನಗಳು. ಸಿಲಿಗುರಿಯಲ್ಲಿ ವರ್ಷಗಳು, ಮಲೇಷ್ಯದಲ್ಲಿ ತಿಂಗಳುಗಳು ಹಿಡಿದ ಕೆಲಸ ಇಲ್ಲಿ ದಿನಗಳಲ್ಲಿ ಮುಗಿದದ್ದರಿಂದಲೇ ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ಪ್ರತ್ಯೇಕವಾಗಿಟ್ಟು ಗಮನಿಸುವುದು ಸಾಧ್ಯವಾಯಿತು. ಮೊದಲ ರೋಗಿಗೆ ಏನಾಗಿದೆಯೆಂದು ಯಾರಿಗೂ ತಿಳಿದಿರದ ದಿನಗಳಲ್ಲಿ ಆಸ್ಪತ್ರೆಯ ಇಕ್ಕಟ್ಟಾದ ಮೊಗಸಾಲೆಗಳಲ್ಲಿ ಸೋಂಕು ಹರಡಿಬಿಟ್ಟಿತ್ತು. ಸರ್ಕಾರದ ಲೆಕ್ಕದಂತೆ ಸತ್ತ 17 ಮಂದಿಯಲ್ಲಿ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ಅವರೂ ಒಬ್ಬರು. ಆ ಕುಟುಂಬದ ಬಾವಿಯಲ್ಲಿ ಸಿಕ್ಕಿದ ಬಾವಲಿಗಳ ಮೇಲೆ ಮೊದಲು ಗುಮಾನಿ ಬಿದ್ದರೂ ಅವು ಕೀಟ ತಿನ್ನುವ ಜಾತಿಯವಾಗಿದ್ದು ಅವುಗಳಲ್ಲಿ ವೈರಾಣು ಇರಲಿಲ್ಲ. ಅನಂತರ ಸುತ್ತಲ ಹಣ್ಣುಬಾವಲಿಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಐದರಲ್ಲಿ ಒಂದರಲ್ಲಿ ಅದು ಸಿಕ್ಕಿತು. ಬಾವಲಿಯಿಂದ ಆ ಮೊದಲ ರೋಗಿಗೆ ಅದು ತಗಲಿದ ಬಗೆ ಇಂದಿಗೂ ಬಿಡಿಸಲಾಗದ ಒಗಟು. 2019, 2021, 2023, 2024 ಮತ್ತು 2025ರಲ್ಲಿ ಕೇರಳದಲ್ಲಿ ನಿಪಾ ಮತ್ತೆ ಮತ್ತೆ ಕಾಣಿಸಿಕೊಂಡರೂ 2018ರಷ್ಟು ಸಾವುಗಳು ಮತ್ತೆಂದೂ ಆಗಿಲ್ಲ.

ಹಾಗಾದರೆ ಇಂಥ ವೈರಾಣು ಜಗತ್ತಿಗೇ ಹಬ್ಬುವ ಮಹಾಮಾರಿಯಾಗುವ ಸಂಭವವೆಷ್ಟು? ಇದಕ್ಕೆ ಸಾಂಕ್ರಾಮಿಕ ರೋಗಗಳ ಶಾಸ್ತ್ರದಲ್ಲಿ ಬಳಸುವ ಅಳತೆಗೋಲಿಗೆ ಪ್ರಸರಣ ಸಂಖ್ಯೆಯೆಂದು ಹೆಸರು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟುತ್ತದೆಂಬುದನ್ನು ಅದು ಹೇಳುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ರೋಗ ಬೆಳೆಯುತ್ತದೆ, ಕಡಿಮೆಯಿದ್ದರೆ ಕೆಲವು ಸುತ್ತುಗಳ ನಂತರ ಆರುತ್ತದೆ. ಬಾಂಗ್ಲಾದೇಶದಲ್ಲಿ 2001ರಿಂದ 2014ರವರೆಗೆ ದಾಖಲಾದ 248 ರೋಗಿಗಳನ್ನು ಪರಿಶೀಲಿಸಿದ ಅಧ್ಯಯನ ನಿಪಾದ ಈ ಸಂಖ್ಯೆಯನ್ನು 0.33 ಎಂದು ಲೆಕ್ಕ ಹಾಕಿದೆ. ಎಂದರೆ ಮೂರು ರೋಗಿಗಳು ಸೇರಿ ಒಬ್ಬರಿಗೆ ದಾಟಿಸುತ್ತಾರೆ. ಆದ್ದರಿಂದ ಈಗಿನ ರೂಪದಲ್ಲಿ ನಿಪಾ ಜಗತ್ತನ್ನು ಸುತ್ತಲಾರದು. ಆದರೆ ಸರಾಸರಿ ಎಂಬುದು ಮೋಸದ ಮಾತು: ಬಹುತೇಕ ರೋಗಿಗಳು ಯಾರಿಗೂ ದಾಟಿಸುವುದಿಲ್ಲ, ಉಸಿರಾಟದ ತೊಂದರೆ ಮತ್ತು ಕೆಮ್ಮು ಹೆಚ್ಚಿರುವ ಕೆಲವರು ಮಾತ್ರ ಹಲವರಿಗೆ ದಾಟಿಸುತ್ತಾರೆ. ನಿಪಾದ ಆನುವಂಶಿಕ ದ್ರವ್ಯ ಆರ್‌ಎನ್‌ಎ ಆಗಿರುವುದರಿಂದ ಪ್ರತಿ ಸಲ ನಕಲಾಗುವಾಗಲೂ ಅದರಲ್ಲಿ ತಪ್ಪುಗಳು ನುಸುಳುತ್ತವೆ. ಮನುಷ್ಯನ ಮೈ ಹೊಕ್ಕ ಪ್ರತಿ ಬಾರಿಯೂ ಅದಕ್ಕೆ ಹೊಸದೊಂದು ಪಗಡೆ ಎಸೆತ ಸಿಕ್ಕಂತೆ. ಎಸೆತಗಳ ಸಂಖ್ಯೆಯನ್ನು ತಗ್ಗಿಸುವುದು ಮನುಷ್ಯನ ಕೈಯಲ್ಲಿದೆ, ಗರ ಬೀಳುವುದನ್ನು ತಡೆಯುವುದು ಅವನ ಕೈಯಲ್ಲಿಲ್ಲ.

ಮಹಾಮಾರಿಯ ದೃಷ್ಟಿಯಿಂದ ನಿಪಾಗಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೊರೋನಾ ವೈರಾಣುಗಳ ವಿಷಯದಲ್ಲಿ. 2002ರ ಕೊನೆಯಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ತೊಡಗಿದ ಸಾರ್ಸ್ 8,096 ಮಂದಿಗೆ ತಗಲಿ 774 ಮಂದಿಯನ್ನು ಕೊಂದಿತು. ಮಾರುಕಟ್ಟೆಯಲ್ಲಿ ಮಾಂಸಕ್ಕಾಗಿ ಮಾರುತ್ತಿದ್ದ ಪುನುಗುಬೆಕ್ಕುಗಳಲ್ಲಿ ಮೊದಲು ಸಿಕ್ಕ ಅದರ ಮೂಲವನ್ನು ವರ್ಷಗಟ್ಟಲೆ ಹುಡುಕಿ ಯುನ್ನಾನ್ ಪ್ರಾಂತ್ಯದ ಗುಹೆಯೊಂದರ ಲಾಳಮೂಗಿನ ಬಾವಲಿಗಳಲ್ಲಿ ಗುರುತಿಸಲಾಯಿತು. ಕೋವಿಡ್ ವೈರಾಣುವಿನ ಅತಿ ಹತ್ತಿರದ ಬಂಧುಗಳು ಯುನ್ನಾನ್ ಮತ್ತು ಲಾವೋಸ್‌ಗಳ ಅದೇ ಬಗೆಯ ಬಾವಲಿಗಳಲ್ಲಿವೆ. ಶೇ 96ಕ್ಕೂ ಹೆಚ್ಚಿನ ಹೋಲಿಕೆಯೆಂದರೆ ಕೇಳುವುದಕ್ಕೆ ಬಹಳ ಹತ್ತಿರವೆನಿಸಿದರೂ ವೈರಾಣುಗಳ ಲೆಕ್ಕದಲ್ಲಿ ಅದು ಹಲವು ದಶಕಗಳ ಅಂತರ, ನಡುವಿನ ದಾರಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಕೊರೋನಾ ಗುಂಪಿನ ವೈರಾಣುಗಳು ಉಸಿರಿನಿಂದ ಹರಡುತ್ತವೆ, ಕೋವಿಡ್ ವೈರಾಣುವಿನಂಥವು ರೋಗ ಲಕ್ಷಣ ಕಾಣುವ ಮೊದಲೇ ದಾಟಬಲ್ಲವು, ಹಾಸಿಗೆ ಹಿಡಿಯದ ರೋಗಿಯನ್ನು ವಿಮಾನ ಹತ್ತಿಸುತ್ತವೆ. ಕಡುಪಾದ ನಿಪಾ ರೋಗಿಯನ್ನು ಮಲಗಿಸಿಬಿಡುವುದೇ ಅದರ ಹರಡುವಿಕೆಗೆ ಒಂದು ಅಡ್ಡಿಯಾಗಿದೆ ಎಂಬುದು ಕ್ರೂರವಾದರೂ ನಿಜವಾದ ಮಾತು.

ಪ್ರತಿಯೊಂದು ರೋಗಸ್ಫೋಟದ ನಂತರವೂ ಬಾವಲಿಗಳನ್ನು ಕೊಲ್ಲಿರಿ, ಅವು ಕೂರುವ ಮರಗಳನ್ನು ಕಡಿಯಿರಿ ಎಂಬ ಕೂಗು ಏಳುತ್ತದೆ. ಈ ಉಪಾಯವನ್ನು ಮಾಡಿ ನೋಡಿದವರ ಅನುಭವ ದಾಖಲಾಗಿದೆ. ಉಗಾಂಡದ ಕಿಟಾಕಾ ಗಣಿಯ ಕೆಲಸಗಾರರಿಗೆ 2007ರಲ್ಲಿ ಮಾರ್ಬರ್ಗ್ ರೋಗ ಬಂದಾಗ ಗಣಿಯ ಒಳಗಿದ್ದ ಬಾವಲಿಗಳನ್ನೆಲ್ಲ ನಿರ್ಮೂಲ ಮಾಡಲಾಯಿತು. ಕೆಲವು ವರ್ಷಗಳಲ್ಲಿ ಬೇರೆಡೆಯಿಂದ ಬಂದು ನೆಲೆಯೂರಿದ ಬಾವಲಿಗಳನ್ನು ಪರೀಕ್ಷಿಸಿದರೆ ಸೋಂಕಿನ ಪ್ರಮಾಣ ಮೊದಲಿದ್ದ ಶೇ 5ರಿಂದ ಶೇ 13ಕ್ಕೆ ಏರಿತ್ತು, 2012ರಲ್ಲಿ ಅದೇ ಸೀಮೆಯಲ್ಲಿ ಆ ದೇಶದ ಅದುವರೆಗಿನ ಅತಿ ದೊಡ್ಡ ಮಾರ್ಬರ್ಗ್ ಸ್ಫೋಟ ಸಂಭವಿಸಿತು. ರೋಗ ಕಂಡು ಪ್ರತಿಕಾಯ ಗಳಿಸಿದ್ದ ಹಳೆಯ ಬಾವಲಿಗಳ ಜಾಗಕ್ಕೆ ಸೋಂಕನ್ನೇ ಕಾಣದ ಎಳೆಯವು ಬಂದು ಸೇರಿದರೆ ಆಗುವುದು ಇದೇ. ಆಸ್ಟ್ರೇಲಿಯದ ಅನುಭವ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. 1994ರಲ್ಲಿ ಬ್ರಿಸ್ಬೇನ್ ನಗರದ ಹೆಂಡ್ರಾ ಎಂಬ ಬಡಾವಣೆಯ ಕುದುರೆಲಾಯದಲ್ಲಿ ಮೊದಲು ಕಂಡ, ನಿಪಾದ ದಾಯಾದಿಯೆನ್ನಬಹುದಾದ ವೈರಾಣು ಬಾವಲಿಯಿಂದ ಕುದುರೆಗೂ, ಕುದುರೆಯಿಂದ ಮನುಷ್ಯನಿಗೂ ದಾಟುತ್ತದೆ. ಇಪ್ಪತ್ತೈದು ವರ್ಷಗಳ ಮಾಹಿತಿಯನ್ನು ಕೂಡಿಸಿದ ಸಂಶೋಧಕರು 2022ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಚಳಿಗಾಲದಲ್ಲಿ ಹೂ ಬಿಡುವ ಕಾಡುಮರಗಳು ನಾಶವಾದ ಮೇಲೆ ಹಸಿದ ಬಾವಲಿಗಳು ಊರಿನ ಮತ್ತು ತೋಟಗಳ ಮರಗಳಿಗೆ ಬಂದು ಸೇರಿಕೊಂಡವು, ಹಸಿವಿನ ವರ್ಷಗಳಲ್ಲಿ ಸೋಂಕು ದಾಟುವುದು ಹೆಚ್ಚಿತು. ಉಳಿದಿದ್ದ ಕಾಡು ಚೆನ್ನಾಗಿ ಹೂಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಕಾಡಿಗೆ ಮರಳಿದವು, ಕುದುರೆಗಳಿಗೆ ರೋಗ ಬರಲಿಲ್ಲ. ಹೂವು ಬಿಡುವ ಮರವೊಂದು ರೋಗ ತಡೆಯುವ ಸಾಧನವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ದೊರೆಯುವುದು ಕಷ್ಟ.

ಕಾಡು ಮತ್ತು ಊರಿನ ಅಂಚು ಕದಡಿದಾಗ ರೋಗ ದಾಟಿ ಬರುತ್ತದೆಂಬುದು ಕರ್ನಾಟಕಕ್ಕೆ ಹೊಸ ಮಾತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಬಾವಲಿಯದಲ್ಲ, ಉಣುಗುಗಳಿಂದ ಹರಡುವಂಥದು. ಆದರೂ ಸೊಪ್ಪು, ದರಗು, ಸೌದೆ ಎಂದು ಕಾಡಿಗೆ ಹೋಗುವವರಿಗೆ ಅದು ತಗಲುವ ಬಗೆಯಲ್ಲಿ ಅದೇ ಪಾಠ ಅಡಗಿದೆ. ಇತ್ತ ರಾಜ್ಯದ ಬಾವಲಿಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗುಹೆಗಳು ರಾಟನ್ ಬಾವಲಿ ಎಂಬ ಅಪರೂಪದ ಪ್ರಭೇದಕ್ಕೆ ಲೋಕದ ಜೀವವಿಜ್ಞಾನಿಗಳಲ್ಲಿ ಹೆಸರಾಗಿವೆ. ಕೋಲಾರದ ಎಲೆಮೂಗಿನ ಬಾವಲಿಯಂತೂ ಇಡೀ ಭೂಮಿಯ ಮೇಲೆ ಈಗ ಉಳಿದಿರುವುದು ಆ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ, ಅದೂ ಕೆಲವು ನೂರಕ್ಕೆ ಮೀರದಷ್ಟು, ಸುತ್ತಲಿನ ಕಲ್ಲು ಗಣಿಗಾರಿಕೆಯ ಭಯದಲ್ಲಿ. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿ ಮತ್ತು ಕಾಗೆಗಳ ಜತೆಗೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿದ್ದು, ಆ ಪಟ್ಟಿಯೇ ಹೋದದ್ದು 2022ರ ತಿದ್ದುಪಡಿಯಿಂದ. ಕಾಡಿನ ಬೀಜ ಬಿತ್ತುವ, ಹೂವುಗಳ ಪರಾಗ ಹೊರುವ, ರಾತ್ರಿಯಿಡೀ ಬೆಳೆಯ ಕೀಟಗಳನ್ನು ತಿನ್ನುವ ಪ್ರಾಣಿಗೆ ಐವತ್ತು ವರ್ಷ ಕಾನೂನಿನಲ್ಲಿ ಸಿಕ್ಕ ಗೌರವ ಅಷ್ಟು.

ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಬಾವಲಿ ಚೀಪಿ ಬಿಸಾಡಿದ ಅಡಿಕೆಯನ್ನೂ ಗೇರುಬೀಜವನ್ನೂ ಹೆಕ್ಕುವ ವಾಡಿಕೆ ಹಳೆಯದು. ನಿಪಾಕ್ಕೆ ಮನುಷ್ಯರಿಗಾಗಿ ಅನುಮತಿ ಪಡೆದ ಲಸಿಕೆ ಇನ್ನೂ ಇಲ್ಲ, ಪ್ರಯೋಗಗಳು ನಡೆದಿವೆ. ಆದ್ದರಿಂದ ಸದ್ಯಕ್ಕೆ ಹೇಳಬಹುದಾದದ್ದು ಸರಳವಾದ ನಾಲ್ಕು ಮಾತು. ಹೀಗೆ ಹೆಕ್ಕುವವರು ಬರಿಗೈಯಲ್ಲಿ ಹೆಕ್ಕದೆ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ. ಹಲ್ಲಿನ ಅಥವಾ ಉಗುರಿನ ಗುರುತಿರುವ ಹಣ್ಣನ್ನು ಮಕ್ಕಳಿಗೂ ದನಗಳಿಗೂ ಕೊಡದೆ ಎಸೆಯಲಿ, ಈಚಲ ರಸವನ್ನು ಕುದಿಸದೆ ಕುಡಿಯದಿರಲಿ. ಜ್ವರದ ಜತೆಗೆ ಮಂಪರು, ಮಾತಿನ ತೊದಲಿಕೆ ಅಥವಾ ಉಸಿರಾಟದ ತೊಂದರೆ ಕಂಡರೆ, ಇತ್ತೀಚೆಗೆ ಎಲ್ಲಿ ಹೋಗಿದ್ದೆವು, ಏನು ತಿಂದೆವು, ಯಾರ ಶುಶ್ರೂಷೆ ಮಾಡಿದೆವು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಲಿ. ಊರಿನ ಆಲದ ಮರಕ್ಕೆ ಬಾವಲಿಗಳು ಜೋತುಬಿದ್ದಿದ್ದರೆ ಅದರ ಕೆಳಗೆ ಮಲಗುವುದನ್ನು, ತೆರೆದ ಪಾತ್ರೆ ಇಡುವುದನ್ನು, ಜಾನುವಾರು ಕಟ್ಟುವುದನ್ನು ಬಿಡಲಿ. ಮರವನ್ನು ಮಾತ್ರ ಕಡಿಯದಿರಲಿ.